ಸಭೆಯೂ ಜೂಜೂ ಒಂದೇ ಸೂರಿನಡಿ
ಲಾಸ್ ವೇಗಸ್ ನಗರದ ಸಮಾವೇಶಗಳ ಇತಿಹಾಸ

‘ಸಭಾ’ ಎಂಬ ಶಬ್ದಕ್ಕೆ ವೇದಕಾಲದಿಂದಲೂ ಎರಡು ಅರ್ಥಚ್ಛಾಯೆಗಳಿವೆ. ಹಿರಿಯರು ಕೂಡಿ ವಿಚಾರ ಮಾಡುವ ತಾಣವೂ ಸಭೆಯೇ, ದಾಳ ಉರುಳಿಸುವ ತಾಣವೂ ಸಭೆಯೇ. ಮಹಾಭಾರತದ ಸಭಾಪರ್ವದಲ್ಲಿ ಈ ಎರಡು ಅರ್ಥಗಳು ಒಂದೇ ಕಟ್ಟಡದೊಳಗೆ ಕೂಡಿಕೊಳ್ಳುತ್ತವೆ. ಸಾವಿರ ಕಂಬಗಳ, ನೂರು ಬಾಗಿಲುಗಳ ನೂತನ ಸಭಾಭವನವನ್ನು ಧೃತರಾಷ್ಟ್ರ ಕಟ್ಟಿಸುತ್ತಾನೆ. ಅದನ್ನು ನೋಡಿಹೋಗಲು ಬನ್ನಿರೆಂದು ವಿದುರನ ಮೂಲಕ ಪಾಂಡವರಿಗೆ ಕರೆ ಹೋಗುತ್ತದೆ. ಭವನದ ಸೊಬಗನ್ನು ನೋಡಲು ಬಂದ ಅತಿಥಿಗಳ ಮುಂದೆ ಹಾಸು ಬಿಡಿಸಿ ದಾಳಗಳನ್ನಿಡುವುದು ಅನಂತರದ ಕೆಲಸ. ಈ ದ್ಯೂತಪ್ರಸಂಗವನ್ನು ಪಂಪ ಮಹಾಕವಿಯೂ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಬಿಟ್ಟಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವಂತೂ ದ್ಯೂತಕ್ಕೆಂದೇ ಒಬ್ಬ ಅಧ್ಯಕ್ಷನನ್ನು ನೇಮಿಸಿ, ಆಟವು ಒಂದೇ ಸ್ಥಳದಲ್ಲಿ ನಡೆಯಬೇಕೆಂದು ವಿಧಿಸಿ, ಗೆದ್ದ ಧನದಲ್ಲಿ ನೂರಕ್ಕೆ ಐದರಂತೆ ರಾಜ್ಯದ ಪಾಲನ್ನು ಗೊತ್ತುಪಡಿಸಿತು. ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳನ್ನು ಎಣಿಸಿದ ಜೈನಾಚಾರ್ಯರು ದ್ಯೂತವನ್ನೇ ಮೊದಲಿಗಿಟ್ಟರು. ರಾಜ್ಯಶಾಸ್ತ್ರವು ಜೂಜಿನಲ್ಲಿ ಆದಾಯವನ್ನು ಕಂಡರೆ ಆಚಾರಶಾಸ್ತ್ರವು ಉಳಿದ ಆರು ವ್ಯಸನಗಳಿಗೆ ತೆರೆಯುವ ಬಾಗಿಲನ್ನು ಕಂಡಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಅರ್ಥಗಳನ್ನು ಮತ್ತೆ ಒಂದೇ ಸೂರಿನಡಿ ತಂದು, ಅದನ್ನೇ ತನ್ನ ಜೀವನೋಪಾಯವಾಗಿಸಿಕೊಂಡ ನಗರ ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡ ರಾಜ್ಯದ ಲಾಸ್ ವೇಗಸ್. ಅದರ ಜೂಜಿನ ಖ್ಯಾತಿಯನ್ನು ಬಲ್ಲವರು ಬಹಳ. ಆದರೆ ವೈದ್ಯರು, ಎಂಜಿನಿಯರರು, ಕಾಂಕ್ರೀಟ್ ವ್ಯಾಪಾರಿಗಳು, ವಜ್ರದ ವರ್ತಕರು ತಮ್ಮ ವಾರ್ಷಿಕ ಸಭೆಗಳಿಗೆ ಆ ಮರುಭೂಮಿಗೇ ಏಕೆ ಹೋಗುತ್ತಾರೆ, ಈ ಏರ್ಪಾಡು ಯಾರ ಲೆಕ್ಕಾಚಾರದಿಂದ ಹುಟ್ಟಿತು ಎಂಬ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆ ಊರು ಹುಟ್ಟಿದ್ದು ರೈಲ್ವೆಯಿಂದ. 1905ರ ಮೇ 15ರಂದು ರೈಲ್ವೆ ಕಂಪನಿಯು ನಿವೇಶನಗಳನ್ನು ಹರಾಜು ಹಾಕಿದ ದಿನವನ್ನೇ ಅದರ ಜನ್ಮದಿನವೆಂದು ಎಣಿಸುತ್ತಾರೆ. ಗಣಿಗಳು ಬರಿದಾಗಿ, ಆರ್ಥಿಕ ಮುಗ್ಗಟ್ಟು ಆವರಿಸಿದ್ದ 1931ರ ಮಾರ್ಚ್ 19ರಂದು ನೆವಾಡ ರಾಜ್ಯವು ಜೂಜನ್ನು ಶಾಸನಬದ್ಧಗೊಳಿಸಿತು. ಅದೇ ವರ್ಷ ಸಮೀಪದ ಕೊಲರಾಡೊ ನದಿಗೆ ಬೃಹತ್ ಅಣೆಕಟ್ಟಿನ ಕೆಲಸ ಆರಂಭವಾಗಿ, ಕೂಲಿಯ ಹಣವನ್ನು ಕಿಸೆಯಲ್ಲಿಟ್ಟುಕೊಂಡ ಸಾವಿರಾರು ಕಾರ್ಮಿಕರು ಸುತ್ತ ನೆಲಸಿದರು. 1941ರ ಏಪ್ರಿಲ್‌ನಲ್ಲಿ ಊರ ಹೊರಗಿನ ಹೆದ್ದಾರಿಯ ಪಕ್ಕದಲ್ಲಿ ಎಲ್ ರಾಂಚೊ ವೇಗಸ್ ಎಂಬ ಹೋಟೆಲು ತೆರೆಯಿತು. ಇಂದು ‘ಸ್ಟ್ರಿಪ್’ ಎನಿಸಿಕೊಂಡಿರುವ ದಾರಿಯ ಮೊದಲ ದೊಡ್ಡ ಹೋಟೆಲು ಅದು. 1946ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಫ್ಲೆಮಿಂಗೊವನ್ನು ಕಟ್ಟಿಸಿದ ಬೆಂಜಮಿನ್ ಸೀಗಲ್ ಮರುವರ್ಷ ಜೂನ್‌ನಲ್ಲಿ ಗುಂಡಿಗೆ ಬಲಿಯಾದ. ಜೂಜುಕಟ್ಟೆಗಳ ಹಿಂದಿದ್ದ ಪಾತಕಿಗಳ ಹಣವನ್ನು ವಿಚಾರಿಸಲು ಸೆನೆಟರ್ ಕೆಫಾವರರ ಸಮಿತಿಯು 1950ರ ನವೆಂಬರ್‌ನಲ್ಲಿ ಅದೇ ಊರಿನಲ್ಲಿ ಸಭೆ ಸೇರಿತು. ಆ ಊರಿನ ಆರಂಭಕಾಲದ ಸಭೆಗಳಲ್ಲಿ ದೇಶದ ಗಮನ ಸೆಳೆದದ್ದು ಒಂದು ಅಪರಾಧ ವಿಚಾರಣೆಯ ಸಭೆ ಎಂಬುದು ವಿನೋದವೇ ಸರಿ.

ಹೋಟೆಲಿನವರನ್ನು ಕಾಡುತ್ತಿದ್ದುದು ಸೆನೆಟ್ ಸಮಿತಿಗಿಂತ ಹೆಚ್ಚಾಗಿ ವಾರದ ಲೆಕ್ಕ. ಅವರ ಅತಿಥಿಗಳಲ್ಲಿ ಬಹುಪಾಲು ಜನ ದಕ್ಷಿಣ ಕ್ಯಾಲಿಫೋರ್ನಿಯದವರು. ಶುಕ್ರವಾರ ಸಂಜೆ ಲಾಸ್ ಏಂಜಲೀಸ್‌ನಿಂದ ಕಾರಿನಲ್ಲಿ ಹೊರಟು ಸುಮಾರು 270 ಮೈಲಿ ಕ್ರಮಿಸಿ ಬಂದವರು ಭಾನುವಾರ ಮಧ್ಯಾಹ್ನಕ್ಕೆ ಹಿಂದಿರುಗುತ್ತಿದ್ದರು. ಸೋಮವಾರದಿಂದ ಗುರುವಾರದವರೆಗೆ ಕೊಠಡಿಗಳು ಖಾಲಿ. ಆದರೆ ಅಡಿಗೆಯವರಿಗೆ, ಹಾಸಿಗೆ ಹಾಸುವವರಿಗೆ, ದೀಪಕ್ಕೆ, ತಂಪುಯಂತ್ರಕ್ಕೆ ಖರ್ಚು ತಪ್ಪುತ್ತಿರಲಿಲ್ಲ. ಹೀಗಿರುವಾಗಲೇ 1955ರ ಒಂದೇ ವಸಂತಋತುವಿನಲ್ಲಿ ರಿವಿಯೆರಾ, ರಾಯಲ್ ನೆವಾಡ, ಡ್ಯೂನ್ಸ್, ಮೂಲಾ ರೂಜ್ ಎಂಬ ನಾಲ್ಕು ಹೊಸ ಹೋಟೆಲುಗಳು ಒಂದರ ಹಿಂದೊಂದು ತೆರೆದುವು. ಊರಿಗೆ ಅಷ್ಟು ಹಾಸಿಗೆಗಳು ಬೇಕಾಗಿರಲಿಲ್ಲ. ಮೂಲಾ ರೂಜ್ ಅದೇ ವರ್ಷ ಮುಚ್ಚಿತು.

ವಾರದ ನಡುವೆ ಬರುವವರು ಯಾರು? ವಿಹಾರಕ್ಕೆ ರಜೆ ಬೇಕು. ಕೆಲಸಕ್ಕೆ ಬರುವವನಿಗೆ ವಾರದ ದಿನವೇ ಬೇಕು. ಆದ್ದರಿಂದ ವೃತ್ತಿಸಂಘಗಳನ್ನೂ ವ್ಯಾಪಾರ ಮೇಳಗಳನ್ನೂ ಕರೆತರುವುದೇ ಪರಿಹಾರವೆಂದು ಊರಿನ ಮುಖಂಡರು ನಿಶ್ಚಯಿಸಿದರು. 1955ರಲ್ಲಿ ರಾಜ್ಯ ಶಾಸನಸಭೆಯ ಒಪ್ಪಿಗೆಯಿಂದ ಕ್ಲಾರ್ಕ್ ಕೌಂಟಿಗೆ ಒಂದು ಸಾರ್ವಜನಿಕ ಮಂಡಲಿ ರಚಿತವಾಯಿತು. ಲಾಸ್ ವೇಗಸ್ ಸಮಾವೇಶ ಮತ್ತು ಸಂದರ್ಶಕರ ಪ್ರಾಧಿಕಾರ ಎಂದು ಮುಂದೆ ಹೆಸರು ಪಡೆದದ್ದು ಇದೇ. ಅದರ ಮುಖ್ಯ ಆದಾಯಮೂಲವಾದದ್ದು ಹೋಟೆಲ್ ಕೊಠಡಿಗಳ ಬಾಡಿಗೆಯ ಮೇಲಿನ ತೆರಿಗೆ. ಈ ಅಂಶವನ್ನು ತುಸು ನಿಧಾನಿಸಿ ನೋಡಬೇಕು. ಹೊರಗಿನಿಂದ ಬಂದವನು ಮಲಗಲು ಕೊಟ್ಟ ಹಣದಿಂದಲೇ ಸಭಾಭವನವನ್ನು ಕಟ್ಟಿ, ಆ ಭವನದ ಆಕರ್ಷಣೆಯಿಂದ ಇನ್ನಷ್ಟು ಜನರನ್ನು ಮಲಗಲು ಕರೆಯುವ ಈ ಚಕ್ರದಲ್ಲಿ ಊರಿನವರ ಕಿಸೆಗೆ ಕೈ ಹಾಕಬೇಕಾಗಿರಲಿಲ್ಲ. ಬಾಡಿಗೆಗೆ ಕೊಟ್ಟ ಸಭಾಂಗಣವು ತಾನೇ ಲಾಭ ತರಬೇಕೆಂಬ ಹಂಗೂ ಇರಲಿಲ್ಲ. ಲಾಭ ಬರಬೇಕಾದದ್ದು ರಸ್ತೆಯಾಚೆಯ ಮೇಜುಗಳಿಂದ.

ಸೋತುಹೋಗಿದ್ದ ಕುದುರೆಪಂದ್ಯದ ಮೈದಾನದ ನೆಲದಲ್ಲಿ ಕಟ್ಟಿದ ಕನ್ವೆನ್ಷನ್ ಸೆಂಟರ್ 1959ರ ಏಪ್ರಿಲ್‌ನಲ್ಲಿ ವಿಶ್ವ ವಿಮಾನಯಾನ ಸಮ್ಮೇಳನದೊಂದಿಗೆ ಆರಂಭಗೊಂಡಿತು. ಬೆಳ್ಳಿಯ ಬಣ್ಣದ ಗುಮ್ಮಟದ ಕೆಳಗೆ 6,300 ಆಸನಗಳು, ಅದಕ್ಕೆ ಹೊಂದಿದಂತೆ 90,000 ಚದರಡಿಯ ಪ್ರದರ್ಶನಾಂಗಣ. ಆ ಕಾಲದ ಚಿತ್ರಗಳಲ್ಲಿ ಅದು ಬಯಲಿಗೆ ಇಳಿದ ಹಾರುವ ತಟ್ಟೆಯಂತೆ ಕಾಣುತ್ತದೆ. 1990ರಲ್ಲಿ ಆ ಗುಮ್ಮಟವನ್ನು ಕೆಡವಲಾಯಿತು.

ಸಾರ್ವಜನಿಕ ತೆರಿಗೆಯಿಂದ ಕಟ್ಟಿದ ಈ ಭವನದ ಬಾಗಿಲು ತೆರೆದಾಗ ಸ್ಟ್ರಿಪ್‌ನ ಹೋಟೆಲುಗಳ ಬಾಗಿಲು ಕಪ್ಪುವರ್ಣೀಯರಿಗೆ ಮುಚ್ಚಿತ್ತು. ಸ್ಯಾಮಿ ಡೇವಿಸ್ ಜೂನಿಯರ್, ನ್ಯಾಟ್ ಕಿಂಗ್ ಕೋಲ್‌ರಂಥ ಪ್ರಸಿದ್ಧ ಕಲಾವಿದರೂ ವೇದಿಕೆಯ ಮೇಲೆ ಹಾಡಿ, ರಾತ್ರಿ ಮಲಗಲು ಊರಿನ ಪಶ್ಚಿಮ ಭಾಗದ ಕೇರಿಗೆ ಹೋಗಬೇಕಾಗಿದ್ದ ದಿನಗಳನ್ನು ಕಂಡಿದ್ದರು. 1955ರಲ್ಲಿ ತೆರೆದು ಮುಚ್ಚಿದ ಮೂಲಾ ರೂಜ್ ಎಲ್ಲ ವರ್ಣದವರನ್ನೂ ಸಮಾನವಾಗಿ ಬರಮಾಡಿಕೊಂಡ ಹೋಟೆಲಾಗಿತ್ತು. 1960ರ ಮಾರ್ಚ್‌ನಲ್ಲಿ ದಂತವೈದ್ಯ ಜೇಮ್ಸ್ ಮೆಕ್‌ಮಿಲನ್ ನೇತೃತ್ವದಲ್ಲಿ ಕಪ್ಪುವರ್ಣೀಯರ ಸಂಘಟನೆಯು ಸ್ಟ್ರಿಪ್‌ನಲ್ಲಿ ಮೆರವಣಿಗೆ ನಡೆಸುವುದಾಗಿ ಘೋಷಿಸಿತು. ಹೋಟೆಲುಗಳ ಮಾಲೀಕರು ಬೆಚ್ಚಿದರು. ಮಾರ್ಚ್ 26ರಂದು, ಮುಚ್ಚಿಹೋಗಿದ್ದ ಅದೇ ಮೂಲಾ ರೂಜ್‌ನಲ್ಲಿ ರಾಜ್ಯಪಾಲ ಗ್ರಾಂಟ್ ಸಾಯರ್ ಮುಂತಾದವರ ಸಮ್ಮುಖದಲ್ಲಿ ಭೇದವನ್ನು ಕೈಬಿಡುವ ಒಪ್ಪಂದವಾಯಿತು. ಮಾಲೀಕರ ಮನಸ್ಸು ಒಂದು ವಾರದಲ್ಲಿ ಶುದ್ಧವಾಯಿತೆಂದು ಯಾರೂ ಹೇಳಲಾರರು. ದೇಶದ ನಾನಾ ಕಡೆಗಳಿಂದ ಪ್ರತಿನಿಧಿಗಳನ್ನು ಕರೆಯಲು ಹೊರಟ ಊರಿಗೆ ಮೆರವಣಿಗೆಯ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬರುವುದು ನಷ್ಟದ ಬಾಬತ್ತಾಗಿತ್ತು. ಹಾಗಿದ್ದರೂ ಆ ಊರಿನ ಇತಿಹಾಸದಲ್ಲಿ ನಡೆದ ಎಲ್ಲ ಸಭೆಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಪಾಳುಬಿದ್ದ ಹೋಟೆಲಿನಲ್ಲಿ ನಡೆದ ಆ ಒಂದು ಸಭೆಯೇ ಎನ್ನಬೇಕು.

1960ರ ದಶಕದ ಕೊನೆಗೆ ನೆವಾಡದ ಕಾನೂನು ಬದಲಾಗಿ, ಪ್ರತಿಯೊಬ್ಬ ಷೇರುದಾರನಿಗೂ ಪರವಾನಗಿ ಬೇಕೆಂಬ ನಿಯಮ ಸಡಿಲಗೊಂಡು, ದೊಡ್ಡ ಕಂಪನಿಗಳು ಕ್ಯಾಸಿನೊಗಳ ಒಡೆತನಕ್ಕೆ ಬಂದುವು. 1969ರ ಜುಲೈನಲ್ಲಿ ಕರ್ಕ್ ಕರ್ಕೋರಿಯನ್ ಕನ್ವೆನ್ಷನ್ ಸೆಂಟರಿನ ಪಕ್ಕದಲ್ಲೇ 1,512 ಕೊಠಡಿಗಳ ಇಂಟರ್‌ನ್ಯಾಷನಲ್ ಹೋಟೆಲನ್ನು ತೆರೆದ. ಅದು ಹಿಲ್ಟನ್ ಕಂಪನಿಯ ಕೈಸೇರಿದ ಮೇಲೆ ಸಮಾವೇಶದ ಪ್ರತಿನಿಧಿಯನ್ನೇ ಮುಖ್ಯ ಗಿರಾಕಿಯೆಂದು ಎಣಿಸುವ ರೂಢಿ ಬಲಗೊಂಡಿತು.

1979ರ ಡಿಸೆಂಬರ್‌ನಲ್ಲಿ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನಲ್ಲಿ ಕಾಮ್ಡೆಕ್ಸ್ ಎಂಬ ಕಂಪ್ಯೂಟರ್ ಮೇಳವು ಮೊದಲ ಬಾರಿಗೆ ನಡೆದಾಗ ಬಂದವರು ನಾಲ್ಕು ಸಾವಿರಕ್ಕೂ ತುಸು ಕಡಿಮೆ. ಅದನ್ನು ಕಟ್ಟಿದವರು ಷೆಲ್ಡನ್ ಅಡೆಲ್ಸನ್ ಮತ್ತು ಅವರ ಪಾಲುದಾರರು. 1990ರ ದಶಕದಲ್ಲಿ ಅದೇ ಮೇಳಕ್ಕೆ ಎರಡು ಲಕ್ಷ ಜನ ಸೇರತೊಡಗಿದರು. ಕಂಪ್ಯೂಟರಿನವರು ಒಳ್ಳೆಯ ಜೂಜುಗಾರರಲ್ಲವೆಂಬ ದೂರು ಕ್ಯಾಸಿನೊಗಳಲ್ಲಿ ಸಾಮಾನ್ಯವಾಗಿತ್ತು. ಅವರು ಒಂದು ಅಂಗಿ, ಒಂದು ಇಪ್ಪತ್ತು ಡಾಲರಿನ ನೋಟು ತಂದು, ವಾರವಿಡೀ ಎರಡನ್ನೂ ಬದಲಾಯಿಸದೆ ಹೋಗುತ್ತಾರೆಂಬ ನಗೆಮಾತು ಊರಲ್ಲಿ ಹರಡಿತ್ತು. ಸಂಖ್ಯಾಶಾಸ್ತ್ರ ಬಲ್ಲವನು ಆಟದ ಮೇಜಿನ ಹತ್ತಿರ ಸುಳಿಯದಿರುವುದು ಸಹಜ. ಮೇಜಿನಲ್ಲಿ ಬಾರದ ಹಣವನ್ನು ಹೋಟೆಲಿನವರು ಕೊಠಡಿಯ ಬಾಡಿಗೆಯಲ್ಲಿ ಪಡೆದರು. ಮೇಳದ ದಿನಗಳಲ್ಲಿ ದರ ಹಲವು ಪಟ್ಟು ಏರುತ್ತಿತ್ತು. ಮೇಳದ ಸಂಘಟಕರಾದರೋ ಸಭಾಂಗಣದ ನೆಲವನ್ನು ಚದರಡಿಗೆ ಕೆಲವು ಸೆಂಟುಗಳಂತೆ ಬಾಡಿಗೆಗೆ ಪಡೆದು, ಮಳಿಗೆ ಹಾಕುವ ಕಂಪನಿಗಳಿಗೆ ಹತ್ತಾರು ಡಾಲರುಗಳಂತೆ ಕೊಡುತ್ತಿದ್ದರು. ಅಗ್ಗದ ಸಾರ್ವಜನಿಕ ಕಟ್ಟಡದ ನಿಜವಾದ ಫಲ ಯಾರ ಪಾಲಾಯಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮೊದಲ ಕಾಮ್ಡೆಕ್ಸ್ ನಡೆದ ಮರುವರ್ಷ, 1980ರ ನವೆಂಬರ್ 21ರ ಬೆಳಗ್ಗೆ ಏಳರ ಸುಮಾರಿಗೆ, ಅದೇ ಎಂ.ಜಿ.ಎಂ. ಗ್ರ್ಯಾಂಡ್‌ನ ಉಪಾಹಾರಗೃಹವೊಂದರಲ್ಲಿ ವಿದ್ಯುತ್ ತಂತಿಯ ದೋಷದಿಂದ ಬೆಂಕಿ ಹೊತ್ತಿತು. ಕ್ಷಣಾರ್ಧದಲ್ಲಿ ಅದು ಜೂಜಿನ ಅಂಗಣವನ್ನು ವ್ಯಾಪಿಸಿತು. ಆ ಹೊತ್ತಿನಲ್ಲಿ ಹೋಟೆಲಿನಲ್ಲಿದ್ದವರು ಸುಮಾರು 5,000 ಜನ. ಸತ್ತ 85 ಮಂದಿಯಲ್ಲಿ ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಮೇಲಂತಸ್ತುಗಳಿಗೆ ಏರಿದ ಹೊಗೆ. ಕ್ಯಾಸಿನೊ ಮತ್ತು ಉಪಾಹಾರಗೃಹಗಳಿಗೆ ತಾನೇ ನೀರು ಚಿಮ್ಮುವ ಕೊಳವೆಗಳನ್ನು ಅಳವಡಿಸದಿರಲು ರಿಯಾಯಿತಿ ದೊರೆತಿತ್ತು. ಆ ರಿಯಾಯಿತಿಯ ತರ್ಕ ಹೀಗೆ: ಅಲ್ಲಿ ಹಗಲಿರುಳೂ ಜನರಿರುವುದರಿಂದ ಬೆಂಕಿ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ಆದರೆ ಆ ಉಪಾಹಾರಗೃಹ ರಾತ್ರಿ ಮುಚ್ಚುವ ಪರಿಪಾಠಕ್ಕೆ ಬಂದಿತ್ತು. ಬೆಂಕಿ ಹೊತ್ತಿದಾಗ ಅಲ್ಲಿ ನೋಡುವವರಿರಲಿಲ್ಲ. ಎಂದಿಗೂ ನಿದ್ರಿಸದ ಊರೆಂಬ ಹೆಮ್ಮೆಯೇ ಹೀಗೆ ಕಟ್ಟಡದ ನಕ್ಷೆಯೊಳಗೆ ಒಂದು ದೋಷವಾಗಿ ಸೇರಿಕೊಂಡಿತ್ತು. 1981ರ ಫೆಬ್ರವರಿಯಲ್ಲಿ ಹಿಲ್ಟನ್ ಹೋಟೆಲಿನಲ್ಲಿ ಮತ್ತೊಂದು ಬೆಂಕಿ ಎಂಟು ಜೀವಗಳನ್ನು ತೆಗೆದುಕೊಂಡಿತು. ಅನಂತರ ನೆವಾಡ ರಾಜ್ಯವು ಹಳೆಯ ಎತ್ತರದ ಕಟ್ಟಡಗಳಿಗೂ ಅಗ್ನಿರಕ್ಷಣೆಯ ಕೊಳವೆಗಳನ್ನು ಹಾಕಿಸಬೇಕೆಂಬ ಕಟ್ಟುನಿಟ್ಟಿನ ಕಾನೂನನ್ನು ತಂದಿತು. ಸಾಮೂಹಿಕ ಸಭೆಗೆ ಸ್ಥಳ ಗೊತ್ತುಮಾಡುವವರು ಊಟದ ಪಟ್ಟಿಗಿಂತ ಮೊದಲು ಹೊರಹೋಗುವ ದಾರಿಗಳನ್ನು ವಿಚಾರಿಸುವ ಅಭ್ಯಾಸಕ್ಕೆ ಬಲ ಬಂದದ್ದು ಇಂಥ ದುರಂತಗಳಿಂದ.

ಅಡೆಲ್ಸನ್ 1989ರಲ್ಲಿ ಸ್ಯಾಂಡ್ಸ್ ಹೋಟೆಲನ್ನು ಕೊಂಡು, ಮರುವರ್ಷ ಅದರ ಬಳಿ ತಮ್ಮದೇ ಖಾಸಗಿ ಪ್ರದರ್ಶನಭವನವನ್ನು ತೆರೆದರು. 1995ರಲ್ಲಿ ಕಾಮ್ಡೆಕ್ಸನ್ನು ಜಪಾನಿನ ಸಾಫ್ಟ್‌ಬ್ಯಾಂಕ್ ಕಂಪನಿಗೆ ಸುಮಾರು 86 ಕೋಟಿ ಡಾಲರಿಗೆ ಮಾರಿ, ಹಳೆಯ ಸ್ಯಾಂಡ್ಸನ್ನು 1996ರಲ್ಲಿ ಸಿಡಿಮದ್ದಿನಿಂದ ಉರುಳಿಸಿ, 1999ರ ಮೇ ತಿಂಗಳಲ್ಲಿ ವೆನೀಷಿಯನ್ ಹೋಟೆಲನ್ನು ತೆರೆದರು. ಅದರ ಕೊಠಡಿಗಳೆಲ್ಲ ವಿಶಾಲವಾದ ಬಿಡಾರಗಳು. ಅವುಗಳಲ್ಲಿ ವರ್ತಕನ ಅನುಕೂಲಕ್ಕೆ ಫ್ಯಾಕ್ಸ್ ಯಂತ್ರ. ಅತಿಥಿಯು ಕೊಠಡಿಯಲ್ಲಿದ್ದಷ್ಟು ಹೊತ್ತು ಮೇಜಿನ ಬಳಿ ಇರುವುದಿಲ್ಲವೆಂಬ ಕಾರಣಕ್ಕೆ ಕೊಠಡಿಯನ್ನು ಕಿರಿದಾಗಿಡುವುದು ಹಳೆಯ ಕ್ಯಾಸಿನೊ ನೀತಿ. ಇದು ಅದರ ತಲೆಕೆಳಗು. 1990ರ ದಶಕ ಮುಗಿಯುವ ಹೊತ್ತಿಗೆ ಸ್ಟ್ರಿಪ್‌ನ ದೊಡ್ಡ ಹೋಟೆಲುಗಳ ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಕೊಠಡಿ, ಊಟ, ಪ್ರದರ್ಶನ, ಸಭಾಂಗಣಗಳು ಉಳಿದುದನ್ನು ತುಂಬಿದುವು. ಜೂಜಿನ ವ್ಯಾಮೋಹ ತಗ್ಗಿತೆಂದು ಇದರಿಂದ ಊಹಿಸಿದರೆ ತಪ್ಪಾದೀತು. ಇತರ ಬಾಬತ್ತುಗಳು ಅದಕ್ಕಿಂತ ವೇಗವಾಗಿ ಬೆಳೆದುವು, ಅಷ್ಟೆ.

ಸಭೆಯ ಒಪ್ಪಂದವು ಹೇಗಿರುತ್ತದೆಂಬುದನ್ನು ಇಲ್ಲಿ ಹೇಳುವುದು ಯುಕ್ತ. ಸಂಘವೊಂದು ವರ್ಷಗಳ ಮೊದಲೇ ಇಂತಿಷ್ಟು ಕೊಠಡಿಗಳನ್ನು ಕಾಯ್ದಿರಿಸುತ್ತದೆ. ಬಂದವರು ಕಡಿಮೆಯಾದರೆ, ಸಾಮಾನ್ಯವಾಗಿ ಒಂದು ಮಿತಿಯವರೆಗೆ ವಿನಾಯಿತಿ. ಅದಕ್ಕೂ ಕೆಳಗಿಳಿದರೆ ಯಾರೂ ಮಲಗದ ಕೊಠಡಿಗೂ ಸಂಘವೇ ಬಾಡಿಗೆ ತೆರಬೇಕು. ಊಟೋಪಚಾರಕ್ಕೆ ಕನಿಷ್ಠ ಇಷ್ಟು ಖರ್ಚು ಮಾಡುವೆವೆಂಬ ವಾಗ್ದಾನವೂ ಬೇಕು. ಅದನ್ನು ಪೂರೈಸಿದರೆ ಸಭಾಂಗಣದ ಬಾಡಿಗೆ ಇಳಿಯುತ್ತದೆ ಅಥವಾ ಮನ್ನಾ ಆಗುತ್ತದೆ. ಅದೇ ಕೊಠಡಿಗೆ ದೊಡ್ಡ ಮೇಳದ ವಾರದಲ್ಲಿ ಒಂದು ದರ, ಹಬ್ಬದ ಮುನ್ನಿನ ಡಿಸೆಂಬರ್‌ನಲ್ಲಿ ಇನ್ನೊಂದು. ಹೊಸ ವರ್ಷದ ನೂಕುನುಗ್ಗಲು ಕರಗಿದೊಡನೆ ಜನವರಿಯ ಆರಂಭದಲ್ಲಿ ಸಿ.ಇ.ಎಸ್. ಎಂಬ ವಿದ್ಯುನ್ಮಾನ ಸಾಧನಗಳ ಮಹಾಮೇಳ ನಡೆಯುವುದು ಕಾಕತಾಳೀಯವಲ್ಲ. ಇನ್ನು ಕಟ್ಟಡದ ವಿನ್ಯಾಸ: ಬಹಳಷ್ಟು ಹೋಟೆಲುಗಳಲ್ಲಿ ಕೊಠಡಿಯಿಂದ ಸಭಾಂಗಣಕ್ಕೆ ಹೋಗುವವನು ಜೂಜಿನ ಅಂಗಣವನ್ನು ಹಾದೇ ಹೋಗಬೇಕು. ನಾಲ್ಕು ದಿನದ ಸಭೆಯಲ್ಲಿ ಒಬ್ಬ ಪ್ರತಿನಿಧಿ ಆ ದಾರಿಯನ್ನು ಎಷ್ಟು ಬಾರಿ ತುಳಿಯುತ್ತಾನೆಂಬುದನ್ನು ಲೆಕ್ಕ ಹಾಕಿದವರು ವಾಸ್ತುಶಿಲ್ಪಿಗಳಿಗೆ ಸಲಹೆ ಕೊಡುವ ವ್ಯಾಪಾರಿಗಳೇ.

ಸಭೆಯ ಹೆಸರಿನಲ್ಲಿ ಏನೇನು ನಡೆಯಬಹುದೆಂಬುದಕ್ಕೆ ಎರಡು ಪ್ರಕರಣಗಳು ಸಾಕು. 1991ರ ಸೆಪ್ಟೆಂಬರ್‌ನಲ್ಲಿ ಹಿಲ್ಟನ್ ಹೋಟೆಲಿನಲ್ಲಿ ಸೇರಿದ್ದ ಟೇಲ್‌ಹುಕ್ ಎಂಬ ನೌಕಾವಿಮಾನಿಗಳ ಸಂಘದ ಸಮ್ಮೇಳನದಲ್ಲಿ, ಹಗಲಿನ ಗೋಷ್ಠಿಗಳು ಮುಗಿದ ಮೇಲೆ ಮೂರನೆಯ ಮಹಡಿಯ ಓಣಿಯಲ್ಲಿ ಪಾನಮತ್ತ ಅಧಿಕಾರಿಗಳು ಮಹಿಳೆಯರ ಮೇಲೆ ಕೈಮಾಡಿದರು. 83 ಮಹಿಳೆಯರು ಮತ್ತು 7 ಪುರುಷರು ಹಲ್ಲೆಗೊಳಗಾದರೆಂದು ತನಿಖೆ ಹೇಳಿತು. 1992ರಲ್ಲಿ ನೌಕಾಖಾತೆಯ ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ಎರಡನೆಯದು 2010ರ ಅಕ್ಟೋಬರ್‌ನದು. ಸರ್ಕಾರದ ಕಟ್ಟಡಗಳನ್ನೂ ಖರೀದಿಯನ್ನೂ ನೋಡಿಕೊಳ್ಳುವ, ಅಂದರೆ ಮಿತವ್ಯಯವೇ ಕಸುಬಾಗಿರಬೇಕಾದ, ಫೆಡರಲ್ ಇಲಾಖೆಯೊಂದು ಸುಮಾರು 300 ನೌಕರರ ಸಮ್ಮೇಳನವನ್ನು ಲಾಸ್ ವೇಗಸ್ ಬಳಿಯ ಹೆಂಡರ್ಸನ್‌ನ ಕ್ಯಾಸಿನೊ ಹೋಟೆಲಿನಲ್ಲಿ ನಡೆಸಿ 8,22,000 ಡಾಲರಿಗೂ ಹೆಚ್ಚು ವ್ಯಯಿಸಿತು. ಇದರಲ್ಲಿ ಒಂದು ಲಕ್ಷ ಡಾಲರಿಗೂ ಮೀರಿದ ಮೊತ್ತ ‘ಸಿದ್ಧತೆ’ಗೆ ಹೋಯಿತು: ಸ್ಥಳ ನೋಡಲು ಪ್ರವಾಸ, ನೋಡಿದ್ದನ್ನು ಚರ್ಚಿಸಲು ಮತ್ತೆ ಪ್ರವಾಸ, ಕೊನೆಗೆ ತಾಲೀಮಿಗೆ ಪ್ರವಾಸ. ಬೆಳಗಿನ ಉಪಾಹಾರ ತಲೆಗೆ 44 ಡಾಲರ್. ಒಗ್ಗಟ್ಟು ಬೆಳೆಸಲೆಂದು ಸೈಕಲ್ ಜೋಡಿಸುವ ಚಟುವಟಿಕೆಗೆ 75,000 ಡಾಲರ್. ಮನಸ್ಸಿನೊಳಗಿನದನ್ನು ಓದಬಲ್ಲೆನೆಂಬ ಪ್ರದರ್ಶಕನೊಬ್ಬನಿಗೂ ಸಂಭಾವನೆ ಸಂದಿತು. 2012ರ ಏಪ್ರಿಲ್‌ನಲ್ಲಿ ತನಿಖಾ ವರದಿ ಹೊರಬಿದ್ದಾಗ ಇಲಾಖೆಯ ಮುಖ್ಯಸ್ಥೆ ಹುದ್ದೆ ತೊರೆದರು. ಆ ನೌಕರರಲ್ಲಿ ಯಾರಾದರೂ ಮೇಜಿನ ಬಳಿ ಕುಳಿತರೇ ಎಂಬ ಪ್ರಶ್ನೆಗೆ ಇಲ್ಲಿ ಮಹತ್ತ್ವವಿಲ್ಲ. ಪರರ ಹಣವನ್ನು ಹಂಗಿಲ್ಲದೆ ಪಣವಾಗಿ ಇಟ್ಟದ್ದು ಸಭಾಂಗಣದೊಳಗೇ.

ಇದಕ್ಕೆ ಮೊದಲು, 2009ರ ಫೆಬ್ರವರಿಯಲ್ಲಿ, ಸರ್ಕಾರದ ನೆರವು ಪಡೆದ ಬ್ಯಾಂಕುಗಳು ತೆರಿಗೆದಾರರ ಖರ್ಚಿನಲ್ಲಿ ಲಾಸ್ ವೇಗಸ್‌ಗೆ ಹೋಗಲಾಗದೆಂದು ಅಧ್ಯಕ್ಷ ಒಬಾಮಾ ಹೇಳಿದ್ದು ಆ ನಗರದವರಿಗೆ ಬಹಳ ನೋವುಂಟುಮಾಡಿತ್ತು. ಆ ದಿನಗಳಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು ತನ್ನ ಸಭೆಯನ್ನು ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬದಲಿಸಿ, ಒಪ್ಪಂದ ಮುರಿದುದಕ್ಕಾಗಿ ಸುಮಾರು 6 ಲಕ್ಷ ಡಾಲರ್ ತೆತ್ತಿತು. ಅಪವಾದ ತಪ್ಪಿಸಿಕೊಳ್ಳಲು ಕೊಟ್ಟ ಹಣವೂ ಅಪವ್ಯಯವೇ ಅಲ್ಲವೆ ಎಂದು ಹೋಟೆಲಿನವರು ಕೇಳಿದ್ದರೆ ಅದು ಕೇವಲ ಸ್ವಾರ್ಥದ ಮಾತಾಗುತ್ತಿರಲಿಲ್ಲ. ಸಭೆ ನಿಂತರೆ ಮೊದಲು ಕೂಲಿ ಕಳೆದುಕೊಳ್ಳುವವರು ಹಾಸಿಗೆ ಹಾಸುವ ಹೆಂಗಸರು ಮತ್ತು ತಟ್ಟೆ ತೊಳೆಯುವವರು. 2020ರ ಮಾರ್ಚ್‌ನಿಂದ ಜೂನ್ ಆರಂಭದವರೆಗೆ ಸೋಂಕಿನ ಭೀತಿಯಿಂದ ಕ್ಯಾಸಿನೊಗಳೆಲ್ಲ ಮುಚ್ಚಿದಾಗ ಇದು ಎಲ್ಲರ ಕಣ್ಣಿಗೂ ಕಂಡಿತು. ಕ್ಯಾಸಿನೊಗಳು ತೆರೆದ ಮೇಲೂ ಸಮಾವೇಶಗಳು ತಡವಾಗಿಯೇ ಮರಳಿದುವು, 2021ರ ಸಿ.ಇ.ಎಸ್. ಮೇಳ ಕೇವಲ ಕಂಪ್ಯೂಟರ್ ಪರದೆಗಳ ಮೇಲೆ ನಡೆಯಿತು. ಅದೇ ವರ್ಷ ಜೂನ್‌ನಲ್ಲಿ ಕಾಂಕ್ರೀಟ್ ಉದ್ಯಮದ ಮೇಳದೊಂದಿಗೆ ಕನ್ವೆನ್ಷನ್ ಸೆಂಟರಿನ 14 ಲಕ್ಷ ಚದರಡಿಯ ಹೊಸ ಪಶ್ಚಿಮ ಭವನ ಆರಂಭವಾಯಿತು. ಅದರ ವಿಸ್ತರಣೆಗೆಂದು 2015ರಲ್ಲಿ ಪ್ರಾಧಿಕಾರವು ಕೊಂಡು ಕೆಡವಿಸಿದ್ದು ರಿವಿಯೆರಾ ಹೋಟೆಲನ್ನು. 1955ರಲ್ಲಿ ಹಾಸಿಗೆ ಹೆಚ್ಚಾಗಿ ಸಭಾಭವನದ ಅಗತ್ಯವನ್ನು ಹುಟ್ಟಿಸಿದ ಹೋಟೆಲುಗಳಲ್ಲಿ ಅದೂ ಒಂದಾಗಿತ್ತು.

ಈ ನಗರದ ನಂಟು ಜೈನ ಸಮಾಜಕ್ಕೂ ಇಲ್ಲದಿಲ್ಲ. 1992ರಿಂದ ಜೆ.ಸಿ.ಕೆ. ಎಂಬ ರತ್ನಾಭರಣಗಳ ವ್ಯಾಪಾರ ಮೇಳವು ಅಲ್ಲಿ ಬೇಸಗೆಯ ಆರಂಭದಲ್ಲಿ ನಡೆಯುತ್ತ ಬಂದಿದೆ. ಜಗತ್ತಿನ ವಜ್ರವ್ಯಾಪಾರದಲ್ಲಿ ಗುಜರಾತಿನ ಪಾಲನ್‌ಪುರದ ಜೈನ ಮನೆತನಗಳ ಪಾಲು ದೊಡ್ಡದು. ಮುಂಬಯಿ, ಆಂಟ್ವರ್ಪ್, ನ್ಯೂಯಾರ್ಕ್‌ಗಳ ವರ್ತಕರಿಗೆ ಅಮೆರಿಕದ ಒಡವೆ ಮಾರಾಟಗಾರರನ್ನು ಒಂದೇ ವಾರದಲ್ಲಿ ಕಾಣಲು ಇಂಥ ಮೇಳ ಬೇಕಾಗುತ್ತದೆ. ದ್ಯೂತವನ್ನು ತ್ಯಜಿಸಿದ ಗೃಹಸ್ಥನು ವ್ಯಾಪಾರಕ್ಕಾಗಿ ದ್ಯೂತದ ಅಂಗಣವನ್ನು ದಿನಕ್ಕೆರಡು ಬಾರಿ ಹಾದುಹೋಗುವ ಪರಿಸ್ಥಿತಿ ಇಲ್ಲಿ ಬರಿಯ ಚರ್ಚೆಯ ವಿಷಯವಲ್ಲ. ದಾರಿಯಲ್ಲಿ ನಡೆದ ಮಾತ್ರಕ್ಕೆ ವ್ರತಭಂಗವಿಲ್ಲವೆಂದು ಒಪ್ಪಿದರೂ, ತಾನು ತೆರುವ ಬಾಡಿಗೆ ಯಾವ ಸಂಸ್ಥೆಯನ್ನು ಪೋಷಿಸುತ್ತದೆ, ತನ್ನ ಜತೆ ಬಂದ ತರುಣ ಗುಮಾಸ್ತನ ಸಂಜೆಗಳು ಎಲ್ಲಿ ಕಳೆಯುತ್ತವೆ ಎಂಬ ಪ್ರಶ್ನೆಗಳು ಉಳಿಯುತ್ತವೆ. ಸಂಘದ ಹೆಸರಿನಲ್ಲಿ ಜನರನ್ನು ಕರೆದೊಯ್ಯುವವರಿಗೆ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಭಾರವಾದುದು.

ಆಯ್ಕೆಗಳು ಇಲ್ಲದಿಲ್ಲ. ಸ್ಟ್ರಿಪ್‌ನಲ್ಲಿಯೇ ಕ್ಯಾಸಿನೊ ಇಲ್ಲದ ಹೋಟೆಲುಗಳಿವೆ: 1999ರಲ್ಲಿ ಮ್ಯಾಂಡಲೇ ಬೇ ಕಟ್ಟಡದ ಮೇಲಿನ ಅಂತಸ್ತುಗಳಲ್ಲಿ ಪ್ರತ್ಯೇಕ ಪ್ರವೇಶದ್ವಾರದೊಡನೆ ತೆರೆದ ಫೋರ್ ಸೀಸನ್ಸ್, 2009ರಲ್ಲಿ ತೆರೆದ ವಡಾರಾ ಮುಂತಾದುವು. ಊರಿನ ಪಶ್ಚಿಮಕ್ಕೆ ಸಮ್ಮರ್ಲಿನ್ ಬಡಾವಣೆಯಲ್ಲಿ ಹಿಂದೂಗಳೂ ಜೈನರೂ ಕೂಡಿ ನಡೆಸುವ ದೇವಾಲಯವೊಂದಿದೆ. ಕ್ಯಾಸಿನೊದ ಅಂಗಣಗಳಿಗೆ ಕಿಟಕಿಯಿಲ್ಲದಂತೆ, ಗೋಡೆಯಲ್ಲಿ ಗಡಿಯಾರವಿಲ್ಲದಂತೆ ಕಟ್ಟುವುದು ಅಲ್ಲಿಯ ಹಳೆಯ ರೂಢಿ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನೇಮದವರು ಅಲ್ಲಿಗೆ ಹೋಗುವಾಗ ಕೈಗಡಿಯಾರವನ್ನು ಮರೆಯುವಂತಿಲ್ಲ.